ಚಕ್ರದ ಮೇಲಿನ ಮನೆ, ಅಮ್ಮನ ಲೆಕ್ಕ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ಈಗ ಆರ್‌ವಿ ಪ್ರವಾಸದ ಭಾಗ್ಯವೂ ಒದಗುವುದುಂಟು. ಆ ಗಾಡಿಗೆ ಯಾವ ಸಲಕರಣೆ ಬೇಕು, ಯಾವುದು ಬೇಡ, ಯಾಕೆ?

ಲಾಸ್ ವೇಗಸ್‌ನ ಬಾಡಿಗೆ ಅಂಗಳದಿಂದ ಹೊರಬಿದ್ದು ಮೊದಲ ತಿರುವು ತೆಗೆದುಕೊಂಡಿದ್ದೆ, ಅಷ್ಟೆ. ಬೆನ್ನ ಹಿಂದೆ ದಡಾರನೆ ಸದ್ದಾಯಿತು. ಒಲೆಯ ಮೇಲಿನ ಕಪಾಟಿನ ಬಾಗಿಲು ತೆರೆದುಕೊಂಡಿತ್ತು. ಸ್ಟೀಲ್ ಡಬ್ಬಿ ನೆಲದ ಮೇಲೆ ಉರುಳಾಡುತ್ತಿತ್ತು. ಊರಿನ ಗಿರಣಿಯಲ್ಲಿ ಬೀಸಿಸಿ ಅಮ್ಮ ಜೋಪಾನವಾಗಿ ತಂದಿದ್ದ ರಾಗಿ ಹಿಟ್ಟು ಸೋಫಾದಿಂದ ಸ್ಟಿಯರಿಂಗ್‌ವರೆಗೆ ಹರಡಿತ್ತು. ಅಪ್ಪ ಮೂವತ್ತು ವರ್ಷ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತಲೆಯ ಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ ‘ಹೋಲ್ಡಾನ್!’ ಎಂದು ಕೂಗಿದರು.

ಪಕ್ಕಕ್ಕೆ ನಿಲ್ಲಿಸಿದೆ. ಆರ್‌ವಿ ಪ್ರವಾಸಕ್ಕೆಂದು ತಿಂಗಳ ಮುಂಚಿನಿಂದ ಆನ್‌ಲೈನ್‌ನಲ್ಲಿ ತರಿಸಿದ್ದ ಸಾಮಾನು ಎರಡು ರಟ್ಟಿನ ಪೆಟ್ಟಿಗೆ ತುಂಬ ಇತ್ತು. ಆದರೆ ಕಪಾಟಿನ ಬಾಗಿಲು ಭದ್ರವಾಗಿದೆಯೇ ಎಂದು ನೋಡಬೇಕೆನ್ನುವುದು ಆ ಪೆಟ್ಟಿಗೆಗಳಲ್ಲಿ ಯಾವುದರಲ್ಲೂ ಬಂದಿರಲಿಲ್ಲ.

ಆರ್‌ವಿ ಎಂದರೆ ರಿಕ್ರಿಯೇಷನಲ್ ವೆಹಿಕಲ್. ಒಲೆ, ಫ್ರಿಜ್, ಹಾಸಿಗೆ, ಬಚ್ಚಲು, ಕಕ್ಕಸು ಎಲ್ಲವೂ ಇರುವ ಗಾಡಿ. ಬಸ್ಸಿನಷ್ಟು ದೊಡ್ಡದಕ್ಕೆ ‘ಕ್ಲಾಸ್ ಎ’, ವ್ಯಾನಿನೊಳಗೇ ಮನೆ ಅಡಗಿಸಿದ್ದಕ್ಕೆ ‘ಕ್ಲಾಸ್ ಬಿ’, ಟ್ರಕ್ಕಿನ ಷಾಸಿಯ ಮೇಲೆ ಮನೆ ಕೂರಿಸಿ ಡ್ರೈವರ್ ತಲೆಯ ಮೇಲೊಂದು ಅಟ್ಟ ಕಟ್ಟಿದ್ದಕ್ಕೆ ‘ಕ್ಲಾಸ್ ಸಿ’ ಎನ್ನುತ್ತಾರೆ. ಕುಟುಂಬಗಳು ಹೆಚ್ಚಾಗಿ ಬಾಡಿಗೆಗೆ ಹಿಡಿಯುವುದು ಈ ಕೊನೆಯದನ್ನೇ. ಈ ಗಾಡಿಗಳ ಚರಿತ್ರೆ ಶತಮಾನ ದಾಟಿದೆ. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರದರ್ಶನಕ್ಕಿಟ್ಟ ಪಿಯರ್ಸ್-ಆ್ಯರೋ ಕಂಪನಿಯ ‘ಟೂರಿಂಗ್ ಲ್ಯಾಂಡೋ’ ಕಾರಿನಲ್ಲಿ ಹಿಂದಿನ ಸೀಟು ಮಡಚಿದರೆ ಹಾಸಿಗೆ, ಡ್ರೈವರ್ ಸೀಟಿನ ಬೆನ್ನಿನಿಂದ ಇಳಿಸಿದರೆ ಕೈತೊಳೆಯುವ ಬೋಗುಣಿ. ಇಂದು ಅಮೆರಿಕದ ಬಹುಪಾಲು ಆರ್‌ವಿಗಳು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ.

ನೂರು ವರ್ಷದಲ್ಲಿ ಸೌಕರ್ಯ ಬೆಳೆದಿದೆ, ಜಾಗ ಬೆಳೆದಿಲ್ಲ. ಬಹಳಷ್ಟು ಆರ್‌ವಿಗಳ ‘ಕ್ವೀನ್’ ಹಾಸಿಗೆಯ ಉದ್ದ 75 ಇಂಚು, ಮನೆಯ ಕ್ವೀನ್ ಹಾಸಿಗೆಗಿಂತ ಐದು ಇಂಚು ಕಡಿಮೆ. ಆರಡಿಯ ಅಪ್ಪ ಮೊದಲ ರಾತ್ರಿ ಅದರ ಮೇಲೆ ಮೂಲೆಯಿಂದ ಮೂಲೆಗೆ ಮಲಗಿ, ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದೋನು ಈ ಗಾಡೀಲೇ ಬಂದಿದ್ದ ಅನ್ಸುತ್ತೆ’ ಅಂದರು. ಮುಂದಿನ ಎಂಟು ದಿನ, ಜಯಾನ್, ಬ್ರೈಸ್ ಕ್ಯಾನಿಯನ್, ಪೇಜ್ ಪಟ್ಟಣ, ಗ್ರ್ಯಾಂಡ್ ಕ್ಯಾನಿಯನ್ ಸುತ್ತಿ ಬರುವಷ್ಟರಲ್ಲಿ, ಆ ಗಾದೆ ನೀರಿಗೂ ಕರೆಂಟಿಗೂ ಬಚ್ಚಲಿಗೂ ಅನ್ವಯಿಸುತ್ತದೆ ಎಂದು ಗೊತ್ತಾಯಿತು. ಆರ್‌ವಿಯಲ್ಲಿ ಬೆಲೆ ಬಾಳುವ ಸಲಕರಣೆಗಳೆಲ್ಲ ಮಾಡುವುದು ಒಂದೇ ಕೆಲಸ: ಮನೆಯಲ್ಲಿ ನಾವು ಎಣಿಸದೆ ಬಿಟ್ಟದ್ದನ್ನು ಎಣಿಸಿ ತೋರಿಸುವುದು.

ಕುಲುಕಾಟಕ್ಕೆ ಕಡಿವಾಣ

ಓಡುವ ಆರ್‌ವಿ ದಿನವಿಡೀ ಸಣ್ಣದಾಗಿ ಅಲುಗುವ ಮನೆ. ಕಪಾಟಿನೊಳಗೆ ಹಾಸಲು ಜಾರದ ರಬ್ಬರ್ ಜಾಳಿಗೆ, ಫ್ರಿಜ್ಜಿನ ಹಂತಗಳಿಗೆ ಅಡ್ಡಲಾಗಿ ಸಿಕ್ಕಿಸುವ ಸ್ಪ್ರಿಂಗ್ ಸರಳು, ಇವೆರಡು ಅಗ್ಗದವು ಮತ್ತು ನಿಜಕ್ಕೂ ಉಪಯೋಗದವು. ಸರಳಿಲ್ಲದಿದ್ದರೆ ಬ್ರೇಕ್ ಹಾಕಿದ ಮೇಲೆ ಫ್ರಿಜ್ ಬಾಗಿಲು ತೆಗೆದವರ ಕಾಲ ಮೇಲೆ ಮೊಸರಿನ ಡಬ್ಬ ಬೀಳುತ್ತದೆ. ಸ್ಟೀಲ್ ಪಾತ್ರೆಗಳ ಜಾಗಟೆ ನಿಲ್ಲಿಸಲು ಯಾವ ಯಂತ್ರವೂ ಬೇಡ. ಪ್ರತಿ ಎರಡು ಪಾತ್ರೆಯ ನಡುವೆ ಒಂದು ಕೈಒರೆಸುವ ಬಟ್ಟೆ ಸಾಕು. ಭಾರದ ವಸ್ತು ಕೆಳಗೆ, ಹಗುರದ್ದು ಮೇಲೆ. ದೋಸೆ ಹಿಟ್ಟು ಒಯ್ಯುವವರು ಡಬ್ಬಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮರುಭೂಮಿಯ ಬಿಸಿಲಿಗೂ ಗಾಡಿಯ ಕುಲುಕಾಟಕ್ಕೂ ಅದು ಮನೆಯಲ್ಲಿ ಉಬ್ಬುವುದಕ್ಕಿಂತ ಬೇಗ ಉಬ್ಬಿ ಮುಚ್ಚಳ ಎತ್ತುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಇನ್ನೆರಡು ವಸ್ತು ಮರೆಯಬಾರದು. ಬಾಗಿಲ ಮೆಟ್ಟಿಲು ನೆಲದಿಂದ ಎತ್ತರವಿರುತ್ತದೆ, ಹಾಗಾಗಿ ಮಡಚುವ ಗಟ್ಟಿ ಕಾಲ್ಮಣೆ. ರಾತ್ರಿ ಕಕ್ಕಸಿಗೆ ಎದ್ದಾಗ ತಾನಾಗಿ ಹೊತ್ತಿಕೊಳ್ಳುವ ಪುಟ್ಟ ಎಲ್‌ಇಡಿ ದೀಪ. ಡ್ರೈವರ್ ತಲೆಯ ಮೇಲಿನ ಅಟ್ಟ ಮೊಮ್ಮಕ್ಕಳಿಗಿರಲಿ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಕಟ್ಟಿ ಕೂತಿರಬೇಕು. ‘ಒಂದು ಲೋಟ ಕಾಫಿ ಮಾಡ್ತೀನಿ’ ಎಂದು ಎದ್ದ ಅಮ್ಮನನ್ನು ಕೂರಿಸಲು ನನಗೆ ಎರಡು ದಿನ ಬೇಕಾಯಿತು.

ಒಳಗೆ ಬರುವ ನೀರು, ಹೊರಗೆ ಹೋಗದ ನೀರು

ಆರ್‌ವಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕ್. ಒಂದು ಒಳ್ಳೆ ನೀರಿನದು. ಎರಡನೆಯದು ‘ಗ್ರೇ’, ಅಂದರೆ ಬೂದು. ಬಚ್ಚಲು ಮತ್ತು ಮುಸುರೆ ನೀರು ಅದಕ್ಕೆ. ಮೂರನೆಯದು ‘ಬ್ಲ್ಯಾಕ್’, ಅದು ಕಕ್ಕಸಿನದು. ಕ್ಯಾಂಪ್‌ಗ್ರೌಂಡಿನಲ್ಲಿ ನಲ್ಲಿ, ಕರೆಂಟು, ಚರಂಡಿ ಮೂರರ ಸಂಪರ್ಕವೂ ಇದ್ದರೆ ‘ಫುಲ್ ಹುಕಪ್’ ಎನ್ನುತ್ತಾರೆ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಿನ ಟ್ರೈಲರ್ ವಿಲೇಜ್ ಅಂಥದು. ಬ್ರೈಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದೊಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ನಿಮ್ಮ ಜಾಗಕ್ಕೆ ಈ ಮೂರರಲ್ಲಿ ಒಂದೂ ಇಲ್ಲ. ಹೊತ್ತು ತಂದದ್ದರಲ್ಲೇ ಬದುಕಬೇಕು.

ನಲ್ಲಿಗೆ ಜೋಡಿಸುವ ಮುನ್ನ ಎರಡು ಸಣ್ಣ ಸಾಮಾನು ಬೇಕು. ಮೊದಲನೆಯದು ಹಿತ್ತಾಳೆಯ ಪ್ರೆಷರ್ ರೆಗ್ಯುಲೇಟರ್. ಕೆಲವು ಕ್ಯಾಂಪ್‌ಗ್ರೌಂಡುಗಳಲ್ಲಿ ನೀರು ನುಗ್ಗುವ ಒತ್ತಡ ಆರ್‌ವಿಯ ಸಪೂರ ಪ್ಲಾಸ್ಟಿಕ್ ಕೊಳವೆಗಳು ತಾಳುವುದಕ್ಕಿಂತ ಹೆಚ್ಚಿರುತ್ತದೆ. ರೆಗ್ಯುಲೇಟರ್ ಅದನ್ನು 40–50 ಪಿಎಸ್‌ಐಗೆ ಇಳಿಸುತ್ತದೆ. ಅದನ್ನು ನಲ್ಲಿಯ ಬಾಯಿಗೇ ಹಾಕಬೇಕು, ಗಾಡಿಯ ಕಡೆಗಲ್ಲ. ಇಲ್ಲದಿದ್ದರೆ ನಡುವಿನ ಹೋಸ್ ಪೈಪು ಒಡೆಯುತ್ತದೆ. ಎರಡನೆಯದು ಇದ್ದಿಲು ತುಂಬಿದ ಫಿಲ್ಟರ್. ಕುಡಿಯುವ ನೀರಿಗೆಂದೇ ಮಾಡಿದ ಹೋಸ್ ಬಿಳಿ ಅಥವಾ ನೀಲಿ ಬಣ್ಣದ್ದಾಗಿರುತ್ತದೆ. ಕಕ್ಕಸು ಟ್ಯಾಂಕ್ ತೊಳೆಯುವ ಹೋಸ್ ಬೇರೆಯೇ ಇರಬೇಕು, ಬೇರೆ ಗೂಡಿನಲ್ಲೇ ಇರಬೇಕು. ಮಡಿ ಮೈಲಿಗೆ ಗೊತ್ತಿರುವ ನಮ್ಮವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಹೊಸಬರೆಲ್ಲ ಒಳ್ಳೆ ನೀರು ಖಾಲಿಯಾದೀತೆಂದು ಹೆದರುತ್ತಾರೆ. ನಿಜವಾಗಿ ಮೊದಲು ಕೈಕೊಡುವುದು ಬೂದು ಟ್ಯಾಂಕ್. ಒಳ್ಳೆ ನೀರು ತೀರಿದರೆ ಬಿಂದಿಗೆ ಹಿಡಿದು ತರಬಹುದು. ಬಚ್ಚಲು ನೀರು ತುಂಬಿ ಸ್ನಾನದ ತೊಟ್ಟಿಯ ತಳದಿಂದ ಉಕ್ಕಿದರೆ ನೆಲಕ್ಕೆ ಬಿಡುವಂತಿಲ್ಲ, ಗಾಡಿ ಕಟ್ಟಿಕೊಂಡು ಕೊಳೆ ನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಹೋಗಬೇಕು. ಲೆಕ್ಕ ಹೀಗಿದೆ: ಷವರಿನಿಂದ ನಿಮಿಷಕ್ಕೆ 2 ಗ್ಯಾಲನ್ ಬಂದರೆ ಹತ್ತು ನಿಮಿಷದ ಸ್ನಾನಕ್ಕೆ 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್. ನಮ್ಮ ಬೂದು ಟ್ಯಾಂಕ್ ಇದ್ದದ್ದು 30 ಗ್ಯಾಲನ್. ಬಿಸಿನೀರಿನ ಹಂಡೆ ಬರೀ 6 ಗ್ಯಾಲನ್, ಸುಮಾರು 23 ಲೀಟರ್.

ಇದಕ್ಕೆ ಪರಿಹಾರವೆಂದು ನಾನು ಗುಂಡಿ ಒತ್ತಿದರೆ ನಿಲ್ಲುವ ವಿಶೇಷ ಷವರ್ ಹೆಡ್ ಒಂದನ್ನು ಕೊಂಡಿದ್ದೆ. ಕೆಟ್ಟ ವಸ್ತುವೇನಲ್ಲ. ಆದರೆ ಅಮ್ಮ ಅರಸೀಕೆರೆ ಕಡೆಯವಳು. ಬೋರ್‌ವೆಲ್ ಮುಂದೆ ಬಿಂದಿಗೆ ಸಾಲಿಟ್ಟು ಬೆಳೆದವಳು. ಮಡಚುವ ರಬ್ಬರ್ ಬಕೆಟ್ಟಿನಲ್ಲಿ ಹತ್ತು ಲೀಟರ್ ಹಿಡಿದು, ಒಂದು ಚೊಂಬು ತಗೊಂಡು, ತಲೆಸ್ನಾನ ಮುಗಿಸಿ ಬಂದಳು. ಬಿಸಿನೀರು ಬರುವವರೆಗೆ ಬೀಳುವ ತಣ್ಣೀರನ್ನೂ ಪಾತ್ರೆಗೆ ಹಿಡಿದಿಟ್ಟಿದ್ದಳು. ತಟ್ಟೆ ತೊಳೆಯುವ ಮೊದಲು ಎಣ್ಣೆ, ಸಾರಿನ ಪಸೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕುತ್ತಿದ್ದಳು. ಆರ್‌ವಿ ಪಂಡಿತರು ಬೋಧಿಸುವುದೂ ಅದನ್ನೇ. ಜಿಡ್ಡು ಟ್ಯಾಂಕಿಗಿಳಿದರೆ ಗೋಡೆಗೆ ಮೆತ್ತಿಕೊಂಡು ನಾರುತ್ತದೆ, ಅಳತೆ ಹೇಳುವ ಸೆನ್ಸಾರನ್ನೂ ಕುರುಡಾಗಿಸುತ್ತದೆ.

ಹೇಳಲು ಮುಜುಗರ, ಹೇಳದಿದ್ದರೆ ಅನಾಹುತ

ಕಪ್ಪು ಟ್ಯಾಂಕಿನ ವಿಷಯದಲ್ಲಿ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ತಪ್ಪು. ಮೊದಲ ರಾತ್ರಿ ತಂಗಿದ ಖಾಸಗಿ ಕ್ಯಾಂಪ್‌ಗ್ರೌಂಡಿನಲ್ಲಿ ಚರಂಡಿ ಸಂಪರ್ಕ ಇದೆಯಲ್ಲ ಎಂದು ಟ್ಯಾಂಕಿನ ವಾಲ್ವನ್ನು ತೆರೆದೇ ಇಟ್ಟೆ. ಹಾಗೆ ಮಾಡಿದರೆ ನೀರು ಆಗಿಂದಾಗ್ಗೆ ಹರಿದುಹೋಗಿ ಘನವಸ್ತು ಮಾತ್ರ ಕೆಳಗೆ ಉಳಿಯುತ್ತದೆ, ಒಣಗುತ್ತದೆ, ಗೋಪುರವಾಗಿ ಬೆಳೆಯುತ್ತದೆ. ವಾಲ್ವ್ ಮುಚ್ಚಿಟ್ಟು, ಟ್ಯಾಂಕ್ ಮೂರರಲ್ಲಿ ಎರಡು ಪಾಲಾದರೂ ತುಂಬಿದ ಮೇಲೆ ಒಮ್ಮೆಲೇ ತೆರೆಯಬೇಕು. ಆಗ ನೀರಿನ ರಭಸವೇ ಎಲ್ಲವನ್ನೂ ಹೊತ್ತೊಯ್ಯುತ್ತದೆ. ಕೆರೆ ತೂಬು ಎತ್ತಿದ ಹಾಗೆ.

ಕಪ್ಪು ಮೊದಲು, ಬೂದು ಆಮೇಲೆ ಎನ್ನುವುದು ಕ್ರಮ. ಸಾಬೂನಿನ ನೀರು ಕೊನೆಗೆ ಬಂದು ಪೈಪನ್ನು ತೊಳೆಯುತ್ತದೆ. ಕೈಗವಸು ತೊಟ್ಟು ನಾನು ಪುಸ್ತಕ ನೋಡಿ ಇದನ್ನು ಗಟ್ಟಿಯಾಗಿ ಓದುತ್ತಿದ್ದರೆ ಅಮ್ಮ ಕಿಟಕಿಯಿಂದಲೇ, ‘ಮೊದಲು ಸಗಣಿ ಬಾಚಿ ಆಮೇಲೆ ಕೊಟ್ಟಿಗೆಗೆ ನೀರು ಹುಯ್ಯೋದು ಕಣೋ, ಇದಕ್ಕೂ ಪುಸ್ತಕ ಬೇಕಾ?’ ಅಂದಳು.

ಈ ಕೆಲಸಕ್ಕೆ ಹಣ ಕೊಟ್ಟು ಕೊಳ್ಳಬೇಕಾದವು ನಾಲ್ಕು: ಬಳಸಿ ಬಿಸಾಡುವ ಕೈಗವಸು, ಗಟ್ಟಿಯಾದ ಮೂರಿಂಚಿನ ಹೋಸ್, ಅದರ ತುದಿಗೆ ಪಾರದರ್ಶಕ ಮೊಣಕೈ ತುಂಡು, ನೀರಿನಲ್ಲಿ ಬೇಗ ಕರಗುವ ಟಾಯ್ಲೆಟ್ ಪೇಪರ್. ಮೊಣಕೈ ತುಂಡಿನಲ್ಲಿ ಹರಿಯುವುದು ಕಾಣುವುದರಿಂದ ಯಾವಾಗ ತಿಳಿಯಾಯಿತು ಎಂದು ಊಹಿಸಬೇಕಾಗಿಲ್ಲ. ಖಾಲಿ ಮಾಡಿದ ಮೇಲೆ ನಾಲ್ಕಾರು ಲೀಟರ್ ನೀರು ಹೊಯ್ದು ತಳ ಮುಳುಗಿಸಿಡಿ. ಗೋಡೆಯ ಮೇಲಿನ ದೀಪಗಳ ಸಾಲು ಟ್ಯಾಂಕ್ ಎಷ್ಟು ತುಂಬಿದೆ ಎಂದು ಹೇಳುತ್ತದೆ, ಆದರೆ ಸೆನ್ಸಾರಿಗೆ ಕಾಗದ ಅಂಟಿಕೊಂಡರೆ ಅದು ಸುಳ್ಳಾಡುತ್ತದೆ. ಯಾರು ಎಷ್ಟು ದಿನ ಬಳಸಿದರು ಎಂಬ ಲೆಕ್ಕವೇ ಅದಕ್ಕಿಂತ ನಂಬಿಕಸ್ಥ.

ಕರೆಂಟಿನ ಬಾಯಿಲೆಕ್ಕ

ಅಮೆರಿಕದ ಕ್ಯಾಂಪ್‌ಗ್ರೌಂಡಿನ ವಿದ್ಯುತ್ ಕಂಬದಲ್ಲಿ ಸಾಮಾನ್ಯವಾಗಿ 30 ಆ್ಯಂಪಿನ ಮೂರು ಕಡ್ಡಿಯ ಪ್ಲಗ್, ಇಲ್ಲವೇ 50 ಆ್ಯಂಪಿನ ನಾಲ್ಕು ಕಡ್ಡಿಯದು. 50 ಎಂದರೆ 30ಕ್ಕಿಂತ ಇಪ್ಪತ್ತು ಜಾಸ್ತಿ ಅಷ್ಟೇ ಎಂದುಕೊಳ್ಳಬೇಡಿ. 30 ಆ್ಯಂಪಿನದು 120 ವೋಲ್ಟಿನ ಒಂದೇ ತಂತಿ, ಒಟ್ಟು 3,600 ವಾಟ್. 50ರದ್ದು ಅಂಥ ಎರಡು ತಂತಿ, ಒಟ್ಟು 12,000 ವಾಟ್. ನಮ್ಮದು 30ರ ಗಾಡಿ. ಏಸಿ 1,500, ಮೈಕ್ರೋವೇವ್ 1,500, ಕೆಟಲ್ 1,500. ಮೂವರಲ್ಲಿ ಇಬ್ಬರು ಮಾತ್ರ ಒಟ್ಟಿಗೆ ಕೂರಬಹುದು. ಮೂರನೆಯವರು ಬಂದರೆ ಬ್ರೇಕರ್ ಬೀಳುತ್ತದೆ. ಬೆಂಗಳೂರಿನಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿ ಸರಿಯಾಗಿ ತಿರುಗುವುದೇ ಇಲ್ಲ. ಚಟ್ನಿಪುಡಿ ಒಯ್ಯುವವರೇ ಜಾಣರು.

ಗ್ಯಾಜೆಟ್‌ಗಳಲ್ಲಿ ಒಂದಕ್ಕೇ ಹೆಚ್ಚು ದುಡ್ಡು ಹಾಕುವುದಾದರೆ ಅದು ಸರ್ಜ್ ಪ್ರೊಟೆಕ್ಟರ್ ಆಗಿರಲಿ. ಒಳ್ಳೆಯದು ವೋಲ್ಟೇಜಿನ ದಿಢೀರ್ ಏರಿಕೆ ತಡೆಯುವುದಷ್ಟೇ ಅಲ್ಲ. ಕಂಬದ ವೈರಿಂಗ್ ತಿರುವುಮುರುವಾಗಿದೆಯೇ, ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿ, ವೋಲ್ಟೇಜ್ ಕುಸಿದರೆ ತಾನೇ ಕಡಿದುಕೊಳ್ಳುತ್ತದೆ. ಬೇಸಿಗೆ ಮಧ್ಯಾಹ್ನ ಎಲ್ಲರ ಏಸಿಯೂ ಓಡುವಾಗ ಕ್ಯಾಂಪ್‌ಗ್ರೌಂಡಿನ ವೋಲ್ಟೇಜ್ ನಮ್ಮೂರಿನ ಪಂಪ್‌ಸೆಟ್ ಕಾಲದ ವೋಲ್ಟೇಜಿನಂತೆ ತೂಕಡಿಸುವುದುಂಟು. ಕಂಬದ ಬ್ರೇಕರ್ ಆಫ್ ಮಾಡಿ, ಪ್ಲಗ್ ಸಿಕ್ಕಿಸಿ, ಆಮೇಲೆ ಆನ್ ಮಾಡುವುದು ಪದ್ಧತಿ.

ಕಂಬವೇ ಇಲ್ಲದ ಕಡೆ ಬ್ಯಾಟರಿಯೇ ದೇವರು. 100 ಆ್ಯಂಪ್-ಅವರ್‌ನ ಹಳೆಯ ಲೆಡ್-ಆ್ಯಸಿಡ್ ಬ್ಯಾಟರಿಯಿಂದ ಅದರ ಆಯಸ್ಸು ಕೆಡಿಸದೆ ತೆಗೆಯಬಹುದಾದದ್ದು ಅರ್ಧ ಮಾತ್ರ, 50. ಬ್ರೈಸ್‌ನ ಚಳಿಗೆ ಹೀಟರ್ ಬೇಕೇ ಬೇಕು. ಅದು ಉರಿಯುವುದು ಪ್ರೊಪೇನ್ ಗ್ಯಾಸಿನಿಂದ, ಆದರೆ ಬಿಸಿಗಾಳಿ ದಬ್ಬುವ ಫ್ಯಾನಿಗೆ ಬ್ಯಾಟರಿ. ಗಂಟೆಗೆ 7 ಆ್ಯಂಪ್-ಅವರ್ ಎಂದು ಹಿಡಿದು ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 35 ಹೋಯಿತು. ಉಳಿದ 15ರಲ್ಲಿ ದೀಪ, ನೀರಿನ ಪಂಪು, ನಾಲ್ಕು ಫೋನು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯಾದರೆ ಅದೇ ಅಳತೆಯಲ್ಲಿ ಬಹುಪಾಲನ್ನೂ ಬಳಸಬಹುದು. ಸ್ವಂತ ಗಾಡಿ ಇರುವವರು ಬೆಲೆ ಹೆಚ್ಚಾದರೂ ಲಿಥಿಯಂಗೆ ಬದಲಾಗುತ್ತಿರುವುದು ಅದಕ್ಕೇ. ನಾವು ಇನ್ನೊಂದು ಕಂಬಳಿ ಹೊದ್ದು ಹೀಟರನ್ನು ಎರಡು ಡಿಗ್ರಿ ಇಳಿಸಿದೆವು.

ರಸಮಟ್ಟ ಮತ್ತು ಫ್ರಿಜ್ಜು

ನಿಲ್ಲಿಸಿದ ಗಾಡಿ ಓರೆಯಾಗಿರಬಾರದು ಎಂದು ಬಾಡಿಗೆಯವರು ಹೇಳಿದಾಗ ನಿದ್ದೆಗೆ ತೊಂದರೆ ಎಂದುಕೊಂಡಿದ್ದೆ. ಕಾರಣ ಬೇರೆಯೇ. ಹಳೆಯ ಮಾದರಿಯ ಆರ್‌ವಿ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಸಣ್ಣ ಗ್ಯಾಸ್ ಉರಿ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರುತ್ತದೆ. ಕೊನೆಗೆ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಬೆಂಕಿಯಿಂದ ತಂಪು ಹುಟ್ಟಿಸುವ ಈ ಉಪಾಯವನ್ನು 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫೊನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದರು. ತಳ್ಳಲು ಪಂಪ್ ಇಲ್ಲ, ದ್ರವ ಇಳಿಯುವುದು ಇಳಿಜಾರಿನಿಂದ ಮಾತ್ರ. ಗಾಡಿ ಓರೆಯಾದರೆ ದ್ರವ ಅಲ್ಲಲ್ಲೇ ನಿಂತು, ಕುದಿದು, ಫ್ರಿಜ್ಜೇ ಕೆಡುತ್ತದೆ. ಹೊಸ ಗಾಡಿಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬರುತ್ತಿದೆ. ಅದಕ್ಕೆ ಓರೆಯ ಭಯವಿಲ್ಲ, ಬ್ಯಾಟರಿಯ ಭಯವಿದೆ.

ಹಾಗಾಗಿ ಗಾರೆ ಕೆಲಸದವರ ರಸಮಟ್ಟ ಇಲ್ಲಿ ಮುಖ್ಯ ಉಪಕರಣ. ಅಂಗೈಯಗಲದ್ದೊಂದನ್ನು ನೆಲದ ಮೇಲಿಟ್ಟು ಗುಳ್ಳೆ ನೋಡಿ, ತಗ್ಗಾದ ಕಡೆಯ ಚಕ್ರದಡಿಗೆ ಮಕ್ಕಳ ಆಟದ ಇಟ್ಟಿಗೆಯಂಥ ಪ್ಲಾಸ್ಟಿಕ್ ದಿಮ್ಮಿ ಜೋಡಿಸಿ ಹತ್ತಿಸಬೇಕು. ಆಮೇಲೆ, ಲಾರಿ ಕ್ಲೀನರ್ ಕಲ್ಲು ಕೊಡುವ ಹಾಗೆ, ಚಕ್ರಕ್ಕೆ ಅಡ್ಡ. ಫ್ರಿಜ್ಜನ್ನು ಹೊರಡುವ ಹಿಂದಿನ ರಾತ್ರಿಯೇ ಹಚ್ಚಿ, ತಣ್ಣಗಾದದ್ದನ್ನೇ ಒಳಗಿಡಿ.

ತಲೆಯ ಮೇಲೆ, ಬಾಲದ ಹಿಂದೆ

ಕಾರು ಓಡಿಸುವವರಿಗೆ ತಮ್ಮ ವಾಹನದ ಎತ್ತರ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆರ್‌ವಿಗೆ ಅದೇ ಪ್ರಾಣ. ಉತ್ತರ ಕೆರೊಲಿನಾದ ಡರ್ಹ್ಯಾಮ್‌ನಲ್ಲಿ 11 ಅಡಿ 8 ಇಂಚಿನ ರೈಲು ಸೇತುವೆಯೊಂದು ಎಷ್ಟು ಟ್ರಕ್ಕುಗಳ ಚಾವಣಿ ಸುಲಿದಿತ್ತೆಂದರೆ ಅದಕ್ಕೆ ‘ಡಬ್ಬಿ ತೆರೆಯುವ ಯಂತ್ರ’ ಎಂಬ ಅಡ್ಡಹೆಸರು ಬಿತ್ತು. 2019ರಲ್ಲಿ ಅದನ್ನು 8 ಇಂಚು ಎತ್ತರಿಸಿದರು. ಆಮೇಲೂ ಗುದ್ದುವವರು ಗುದ್ದುತ್ತಲೇ ಇದ್ದಾರೆ. ಜಯಾನ್‌ನಲ್ಲಿ 1930ರಲ್ಲಿ ತೆರೆದ ಸುರಂಗವನ್ನು ಆ ಕಾಲದ ಕಾರುಗಳ ಅಳತೆಗೆ ಕೊರೆದಿದ್ದಾರೆ. ದೊಡ್ಡ ಗಾಡಿಗಳಿಗೆ ಅಲ್ಲಿ ನಿರ್ಬಂಧವಿರುವುದರಿಂದ ನಾವು ಸುತ್ತುಹಾದಿ ಹಿಡಿದೆವು. ಎತ್ತರ, ಅಗಲ, ಉದ್ದ ನಮೂದಿಸಬಹುದಾದ ಆರ್‌ವಿ ಜಿಪಿಎಸ್ ಬೆಲೆಗೆ ತಕ್ಕದ್ದೇ. ಅದಿಲ್ಲದವರು ಏಸಿ ಪೆಟ್ಟಿಗೆಯನ್ನೂ ಸೇರಿಸಿದ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿ. ಕಣಿವೆಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ನಕ್ಷೆ ಮೊದಲೇ ಇಳಿಸಿಟ್ಟುಕೊಳ್ಳಿ.

ಹಿಂದಿನ ಚಕ್ರದಾಚೆ ಚಾಚಿದ ಬಾಲ ಇನ್ನೊಂದು ಗಂಡಾಂತರ. ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳಿಗೆ ಅದು ಗೊತ್ತು. ಹಿಂದಕ್ಕೆ ತೆಗೆಯಲು ಕ್ಯಾಮೆರಾ ಇತ್ತು, ವಾಕಿಟಾಕಿ ತಂದಿದ್ದೆ. ಅಪ್ಪ ಎರಡನ್ನೂ ಪಕ್ಕಕ್ಕಿಟ್ಟು ಇಳಿದು, ನನ್ನ ಕನ್ನಡಿಯಲ್ಲಿ ಕಾಣುವಂತೆ ನಿಂತು, ಗಾಡಿಯ ಬದಿಗೆ ಅಂಗೈ ಬಡಿದರು. ‘ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್.’ ಕಾಂಕ್ರೀಟ್ ಮೇಜಿಗೂ ಬಂಪರಿಗೂ ಒಂದು ಗೇಣು. ಪಕ್ಕದ ಜಾಗದ ಅಮೆರಿಕನ್ ದಂಪತಿ ಚಪ್ಪಾಳೆ ತಟ್ಟಿದರು.

ಎಂಟು ಸಾವಿರ ಅಡಿಯ ಅನ್ನ

ಬ್ರೈಸ್‌ನ ಅಂಚು ಸಮುದ್ರಮಟ್ಟದಿಂದ ಸುಮಾರು 8,000 ಅಡಿ ಮೇಲೆ. ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಏರುವುದಿಲ್ಲ. ತೆರೆದ ಪಾತ್ರೆಯಲ್ಲಿ ಬೇಳೆ ಗಂಟೆಗಟ್ಟಲೆ ಕುದಿದರೂ ಕಲ್ಲಿನ ಹಾಗೆ ಕೂತಿರುತ್ತದೆ. ಮೂರು ಲೀಟರಿನ ಸಾದಾ ಪ್ರೆಷರ್ ಕುಕ್ಕರ್ ಇಡೀ ಪ್ರವಾಸದ ಅತ್ಯುತ್ತಮ ಗ್ಯಾಜೆಟ್ ಎನಿಸಿದ್ದು ಅಲ್ಲಿ. ಗ್ಯಾಸೂ ನೀರೂ ಉಳಿತಾಯ.

ಒಗ್ಗರಣೆಗೆ ಮುನ್ನ ಮಾತ್ರ ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕೂಗುವುದು ಖಂಡಿತ. ಹಾಗೆಂದು ಅಲಾರಂನ ಬ್ಯಾಟರಿ ಕೀಳಬೇಡಿ. ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಪೆಟ್ಟಿಗೆ ನೆಲದ ಹತ್ತಿರ ಇರುತ್ತದೆ, ಪ್ರೊಪೇನ್ ಗಾಳಿಗಿಂತ ಭಾರ, ತಳದಲ್ಲಿ ಶೇಖರವಾಗುತ್ತದೆ. ಅದರ ಮುಂದೆ ಚೀಲ, ಚಪ್ಪಲಿ ಒಟ್ಟಬಾರದು. ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲು ಗ್ಯಾಸಿನ ಎಲ್ಲ ಉರಿಯೂ, ಫ್ರಿಜ್ಜಿನದೂ, ಆರಿರಬೇಕು.

ಹೊರಡುವ ಮುನ್ನ ಒಂದು ಸುತ್ತು

- ಬಾಡಿಗೆಯವರು ಗಾಡಿ ತೋರಿಸುವಾಗ ಪೂರ್ತಿ ವಿಡಿಯೊ ಮಾಡಿಕೊಳ್ಳಿ. ರಾತ್ರಿ ಹತ್ತಕ್ಕೆ ಅದೇ ಕೈಪಿಡಿ.
- ಟಯರಿನ ಬದಿಯಲ್ಲಿರುವ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೇ ವಾರ. ಗುಂಡಿ ಸವೆಯದಿದ್ದರೂ ಹಳೆಯ ಟಯರು ಸಿಡಿಯಬಹುದು.
- ಕರೆಂಟ್ ವೈರು, ನೀರಿನ ಹೋಸ್, ಚರಂಡಿ ಹೋಸ್ ಬಿಚ್ಚಿ ಒಳಗಿಟ್ಟಿರಾ?
- ಮೆಟ್ಟಿಲು ಒಳಗೆ, ಆಂಟೆನಾ ಕೆಳಗೆ, ಚಾವಣಿ ಕಿಂಡಿ ಮುಚ್ಚಿದೆಯೇ?
- ಬಿಸಿಲ ಚಪ್ಪರ ಸುತ್ತಿದೆಯೇ? ಗಾಳಿ ಬೀಸುವ ಕಡೆ ಅದನ್ನು ಬಿಚ್ಚಿಟ್ಟು ಸುತ್ತಾಡಲು ಹೋಗಲೇಬೇಡಿ.
- ಕಪಾಟಿನ ಬಾಗಿಲುಗಳು. ರಾಗಿ ಹಿಟ್ಟಿನ ಮೇಲಾಣೆ, ಇನ್ನೊಮ್ಮೆ ನೋಡಿ.

ನಮ್ಮ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ನಾವು ತೆರೆಯಲೇ ಇಲ್ಲ. ಗಾಡಿ ಒಪ್ಪಿಸಿದಾಗ ಬಾಡಿಗೆಯಾತ ಬೂದು, ಕಪ್ಪು ಟ್ಯಾಂಕುಗಳ ದೀಪ ನೋಡಿ, ಎರಡೂ ಖಾಲಿ ಎಂದು ಗುರುತು ಹಾಕಿಕೊಂಡ. ಕಪಾಟಿನ ಸಂದಿಯಲ್ಲಿ ಉಳಿದಿದ್ದ ರಾಗಿ ಹಿಟ್ಟು ಅವನಿಗೆ ಕಾಣಲಿಲ್ಲ.

ಮನೆಗೆ ಮರಳಿದ ರಾತ್ರಿ ಅಮ್ಮ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಗೋಡೆಯ ಮೇಲೆ ಏನನ್ನೋ ಹುಡುಕುತ್ತಿದ್ದಳು. ಏನಮ್ಮ ಎಂದೆ.

‘ಆ ದೀಪದ ಸಾಲು ಇಲ್ಲೆಲ್ಲಿದೆಯೋ? ಎಷ್ಟು ತುಂಬಿದೆ ಅಂತ ಗೊತ್ತಾಗೋದು ಹೇಗೆ?’

‘ಇಲ್ಲಿ ತುಂಬಲ್ಲಮ್ಮ, ಹರ್ಕೊಂಡು ಹೋಗ್ತಾನೇ ಇರುತ್ತೆ.’

‘ಎಲ್ಲಿಗೆ?’

ಆ ಮನೆಯಲ್ಲಿ ಹತ್ತು ವರ್ಷದಿಂದ ಇದ್ದೇನೆ. ನಲ್ಲಿ ನಿಲ್ಲಿಸಿ ಫೋನ್ ತೆಗೆದು ಹುಡುಕತೊಡಗಿದೆ.